ನಿವೃತ್ತಿ ಆದ್ಮೇಲೆ ಗಾಲ್ಫ್: ನಡೆದು ಆಡೋದಾ, ಬಗ್ಗಿ (ಗಾಲ್ಫ್ ಮೈದಾನದ ಪುಟ್ಟ ಗಾಡಿ) ಹತ್ತೋದಾ? (ಗಾಲ್ಫ್ ಆಟಗಾರರ ಗುಂಪಿನಲ್ಲಿ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ಬೆಂಗಳೂರು, 66 ವರ್ಷ): ನಮಸ್ಕಾರ ಮೇಡಂ. ಬ್ಯಾಂಕಿನಲ್ಲಿದ್ದಾಗ ಭಾನುವಾರ ಮಾತ್ರ ಆಡ್ತಿದ್ದೆ, ಈಗ ವಾರಕ್ಕೆ ಮೂರು ದಿನ ಹೋಗ್ತೀನಿ. ಮೊದಲಿನಿಂದಲೂ ಕ್ಯಾಡಿ (ಬ್ಯಾಗ್ ಹಿಡಿದು ಬರುವವರು) ಜೊತೆ ನಡೆದೇ ಆಡಿದವನು. ಹೋದ ವರ್ಷದಿಂದ ಎಡ ಮಂಡಿ ನೋವು. ಎಕ್ಸ್‌ರೇ ನೋಡಿ ಮೂಳೆ ಡಾಕ್ಟ್ರು ಸವೆತ ಶುರುವಾಗಿದೆ, ಎರಡನೇ ಹಂತ ಅಂದ್ರು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಇನ್ಮೇಲೆ ಬಗ್ಗಿ ತಗೊಳ್ಳಿ ಅಂತ. ನನಗೆ ನಡೆಯೋದೇ ಇಷ್ಟ. ನಡೆದರೆ ಮಂಡಿ ಬೇಗ ಸವೆಯುತ್ತಾ? ನೇರವಾಗಿ ಹೇಳಿಬಿಡಿ.

ಉತ್ತರ: ನಮಸ್ಕಾರ ಸರ್. ನಡೆಯಿರಿ. ಎರಡನೇ ಹಂತದ ಸವೆತಕ್ಕೆ ಬಗ್ಗಿ ಹತ್ತುವ ಅಗತ್ಯ ಇಲ್ಲ. ನಡೆಯೋದು ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ, ಆಮೇಲೆ ಮಂಡಿಯ ಮೇಲೆ ಬೀಳೋ ಭಾರ ಇನ್ನೂ ಜಾಸ್ತಿಯಾಗುತ್ತದೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಇದನ್ನು ಪದೇಪದೇ ನೋಡುತ್ತೇನೆ. ನೋವು ಅಂತ ಓಡಾಟ ಕಡಿಮೆ ಮಾಡುತ್ತಾರೆ, ಕೆಲವೇ ತಿಂಗಳಲ್ಲಿ ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳೋದಿಲ್ಲ. ನೀವು ಬಲಗೈ ಆಟಗಾರ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಡ್ರೈವರ್ (ಚೆಂಡನ್ನು ದೂರ ಹೊಡೆಯುವ ಉದ್ದನೆಯ ಕೋಲು) ಬೀಸಿದಾಗ ನಿಮ್ಮ ಪೂರ್ತಿ ಮೈ ತಿರುಗಿ ನಿಲ್ಲೋದು ಎಡ ಮಂಡಿಯ ಮೇಲೆ. ಮಂಡಿ ಬದಲಿಸಿಕೊಂಡವರ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದು ನೋಡಿದ್ದಾರೆ. ಆ ಕ್ಷಣದಲ್ಲಿ ದೇಹದ ತೂಕದ ನಾಲ್ಕು ಪಟ್ಟಿಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಸಮತಟ್ಟು ನೆಲದಲ್ಲಿ ನಡೆಯುವಾಗ ಬೀಳೋದು ಇದಕ್ಕಿಂತ ತುಂಬಾ ಕಡಿಮೆ. ಅಂದ್ರೆ ಬಗ್ಗಿಯಲ್ಲಿ ಕೂತು ಹೋಗಿ, ಇಳಿದು, ಅದೇ ಡ್ರೈವರ್ ಅದೇ ಜೋರಿನಲ್ಲಿ ಬೀಸಿದರೆ ಮಂಡಿಗೆ ಆ ಪೆಟ್ಟು ತಪ್ಪೋದಿಲ್ಲ. ಹಾಗಾಗಿ ಮೊದಲು ನಿಲ್ಲುವ ರೀತಿ ಸರಿಮಾಡಿ. ಎಡ ಪಾದವನ್ನು ನೇರವಾಗಿ ಇಡಬೇಡಿ, ಹೆಬ್ಬೆರಳನ್ನು ಸ್ವಲ್ಪ ಗುರಿಯ ಕಡೆಗೆ ತಿರುಗಿಸಿ ಇಡಿ. ಹೊಡೆದ ಮೇಲೆ ಹಿಮ್ಮಡಿ ಸ್ವಲ್ಪ ತಿರುಗಿದರೆ ತಿರುಗಲಿ, ತಡೆಯಬೇಡಿ. ಅದನ್ನು ನೆಲಕ್ಕೆ ಕಚ್ಚಿಸಿ ನಿಂತರೆ ಆ ತಿರುವೆಲ್ಲ ಮಂಡಿಯಲ್ಲೇ ಆಗಬೇಕಾಗುತ್ತದೆ. ಮೊಳೆ ಇರುವ ಶೂ ಹಾಕುತ್ತಿದ್ದರೆ ಮೆತ್ತನೆಯ ರಬ್ಬರ್ ಗುಬ್ಬಿಯ ಶೂಗೆ ಬದಲಿಸಿ.

ಅಮೆರಿಕದ ಚಿಕಾಗೋದಲ್ಲಿ ಮಂಡಿ ಸವೆತ ಇರುವ ಕೆಲವು ಗಾಲ್ಫ್ ಆಟಗಾರರನ್ನು ಒಂದು ಸಲ ನಡೆಸಿ, ಇನ್ನೊಂದು ಸಲ ಕಾರ್ಟ್‌ನಲ್ಲಿ (ಬಗ್ಗಿಗೆ ಅಲ್ಲಿ ಅನ್ನೋ ಹೆಸರು) ಕೂರಿಸಿ ಆಡಿಸಿ ನೋಡಿದರು, ಅದರ ಫಲಿತಾಂಶ 2018ರಲ್ಲಿ ಬಂತು. ಚಿಕ್ಕ ಅಧ್ಯಯನ, ಆದರೂ ಉಪಯೋಗದ್ದು. ನಡೆದಾಗ ನೋವು ಸ್ವಲ್ಪ ಏರಿತು, ರಕ್ತದಲ್ಲಿ ಉರಿಯೂತದ ಗುರುತುಗಳೂ ಸ್ವಲ್ಪ ಏರಿದವು, ಅದನ್ನು ಮುಚ್ಚಿಡೋದಿಲ್ಲ. ಆದರೆ ಹೃದಯಕ್ಕೆ ಸಿಕ್ಕ ಕೆಲಸ ಕಾರ್ಟ್‌ಗಿಂತ ಎಷ್ಟೋ ಜಾಸ್ತಿ. ನಿಮ್ಮ ವಯಸ್ಸಿಗೆ ಈ ಲೆಕ್ಕದಲ್ಲಿ ಲಾಭವೇ ಹೆಚ್ಚು.

ನೋವಿಗೆ ಒಂದು ಅಳತೆ ಇಟ್ಟುಕೊಳ್ಳಿ. ಹತ್ತಕ್ಕೆ ಮೂರು ನಾಲ್ಕರವರೆಗೆ ಇದ್ದರೆ ಆಡಿ. ಮಾರನೇ ದಿನ ಬೆಳಿಗ್ಗೆ ಎದ್ದಾಗ ಮೊದಲಿನ ಹಾಗೇ ಆಗಿರಬೇಕು. ಊದಿಕೊಂಡಿದ್ದರೆ, ಮೆಟ್ಟಿಲು ಇಳಿಯುವಾಗ ಚುಚ್ಚಿದರೆ, ಮುಂದಿನ ಸಲ ಅರ್ಧ ಆಟಕ್ಕೆ, ಅಂದ್ರೆ ಒಂಬತ್ತು ಹೋಲ್‌ಗೆ ನಿಲ್ಲಿಸಿ. ಮತ್ತೆ ದಿನಾ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಮಾಡಿ, ಹತ್ತರಂತೆ ಮೂರು ಸಲ, ಕೂರುವಾಗ ದಬಕ್ ಅಂತ ಬೀಳದೆ ನಿಧಾನವಾಗಿ. ಮಂಡಿಗೆ ನಾನು ಕೊಡುವ ಔಷಧಿಗಳಲ್ಲಿ ಮೊದಲನೆಯದು ಇದೇ.

ಪ್ರಶ್ನೆ (ಮೈಸೂರು, 70 ವರ್ಷ): ಮೇಡಂ, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮೆಟೊಪ್ರೊಲಾಲ್ ಮಾತ್ರೆ ನಡೀತಿದೆ. ನಮ್ಮ ಕೋರ್ಸ್ ಸಮತಟ್ಟು, ಬ್ಯಾಗಿನ ಟ್ರಾಲಿ ನಾನೇ ತಳ್ತೀನಿ. ಮಗಳು ಕೊಡಿಸಿದ ವಾಚಿನಲ್ಲಿ ಬಡಿತ 95 ದಾಟೋದೇ ಇಲ್ಲ. ಹಾಗಾದ್ರೆ ಇದು ವ್ಯಾಯಾಮ ಅಲ್ವಾ? ಬಗ್ಗಿಯಲ್ಲಿ ಹೋದ್ರೂ ಅಷ್ಟೇ ಅಲ್ವಾ?

ಉತ್ತರ: ಅಲ್ಲ ಸರ್. ಆ ಮಾತ್ರೆಯ ಕೆಲಸವೇ ಬಡಿತವನ್ನು ಹಿಡಿದಿಡೋದು. ಅದನ್ನು ತಗೊಳ್ಳುವವರು ವಾಚಿನ ಸಂಖ್ಯೆ ನೋಡಿ ಶ್ರಮ ಅಳೆಯೋಕಾಗಲ್ಲ. ಮಾತಿನಲ್ಲಿ ಅಳೆಯಿರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆಡೋಕಾಗಬೇಕು, ಹಾಡು ಹೇಳೋಕೆ ಹೋದರೆ ಉಸಿರು ಸಾಲಬಾರದು. ಅಷ್ಟಿದ್ದರೆ ಹದವಾದ ವ್ಯಾಯಾಮ ಆಗುತ್ತಿದೆ ಅಂತ ಅರ್ಥ.

ಬಗ್ಗಿಯಲ್ಲಿ ಹೋದರೂ ಅಷ್ಟೇನಾ ಅಂದಿರಲ್ಲ, ವ್ಯಾಯಾಮ ಲೆಕ್ಕ ಹಾಕುವವರು ಬಳಸುವ ಒಂದು ಪಟ್ಟಿ ಇದೆ. ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು 1 ಅಂತ ಇಟ್ಟುಕೊಂಡರೆ, ಅದರ 2011ರ ಆವೃತ್ತಿಯಲ್ಲಿ ಬಗ್ಗಿ ಗಾಲ್ಫ್‌ಗೆ 3.5, ಬ್ಯಾಗ್ ಹೊತ್ತು ನಡೆದರೆ 4.3, ಟ್ರಾಲಿ ಎಳೆದುಕೊಂಡು ನಡೆದರೆ 5.3. ಬಗ್ಗಿಯದ್ದು ಸೊನ್ನೆ ಅಲ್ಲ ನೋಡಿ, ಅದಕ್ಕೇ ಬಗ್ಗಿಯಲ್ಲಿ ಆಡುವವರನ್ನು ಯಾರೂ ಹೀಯಾಳಿಸಬಾರದು ಅಂತ ಈ ಗುಂಪಿನಲ್ಲಿ ಯಾವಾಗಲೂ ಹೇಳುತ್ತೇನೆ. ಆದರೆ ಹದಿನೆಂಟು ಹೋಲ್ ಮುಗಿಯೋಕೆ ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತಿಗೆ ಈ ವ್ಯತ್ಯಾಸ ಸಣ್ಣದಲ್ಲ. ಫಿನ್ಲೆಂಡ್‌ನಲ್ಲಿ 65 ದಾಟಿದ 25 ಆಟಗಾರರ ಮೇಲೆ ಮಾಡಿದ ಅಧ್ಯಯನ 2023ರಲ್ಲಿ ಬಂತು. ನಡೆದು ಆಡಿದ ಹದಿನೆಂಟು ಹೋಲ್‌ಗಳನ್ನು ಆರು ಕಿಲೋಮೀಟರ್ ನಡಿಗೆಯ ಜೊತೆ ಹೋಲಿಸಿದರು. ಎರಡರಿಂದಲೂ ಒಳ್ಳೆಯದಾಯಿತು. ರಕ್ತದ ಕೊಬ್ಬು, ಸಕ್ಕರೆ ವಿಚಾರದಲ್ಲಿ ಗಾಲ್ಫೇ ಸ್ವಲ್ಪ ಮುಂದೆ ಇತ್ತು. ನಿಧಾನ ಆದರೂ ಹೊತ್ತು ಜಾಸ್ತಿ ಹಿಡಿಯೋದೇ ಅದಕ್ಕೆ ಕಾರಣ ಇರಬೇಕು ಅಂತಾರೆ.

ಸ್ವೀಡನ್‌ನ ಲೆಕ್ಕವೂ ನೀವು ಕೇಳಿರಬಹುದು. ಅಲ್ಲಿನ 3 ಲಕ್ಷ ಗಾಲ್ಫ್ ಆಟಗಾರರ ದಾಖಲೆ ತೆಗೆದು ನೋಡಿದಾಗ, ಅದೇ ವಯಸ್ಸಿನ ಉಳಿದವರಿಗಿಂತ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು, ಅಂದ್ರೆ ಸುಮಾರು ಐದು ವರ್ಷ ಹೆಚ್ಚು ಆಯಸ್ಸು. ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಗಟ್ಟಿಮುಟ್ಟಾಗಿ ಇರುವವರೇ ಗಾಲ್ಫ್ ಆಡೋದಕ್ಕೂ ಹೋಗುತ್ತಾರೆ ಅಲ್ವಾ?

ನಿಮಗೆ ಮಾತ್ರ ಒಂದು ಮಾತು. ಈ ವರ್ಷ ಹೃದಯದ ಡಾಕ್ಟರನ್ನು ಕಂಡಿಲ್ಲದಿದ್ದರೆ ಒಂದು ಸಲ ಹೋಗಿ, ವಾರಕ್ಕೆ ಇಷ್ಟು ನಡೆದು ಆಡ್ತೀನಿ ಅಂತ ಬಾಯಿಬಿಟ್ಟು ಹೇಳಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಕೇಳಿ. ಎದೆ ಹಿಡಿದ ಹಾಗಾದರೆ, ದವಡೆ ಅಥವಾ ಎಡ ತೋಳು ಸೆಳೆದರೆ ಆ ಹೋಲ್ ಮುಗಿಸಿ ಹೋಗೋಣ ಅನ್ನಬೇಡಿ. ಅಲ್ಲೇ ಕೂತುಬಿಡಿ, ಜೊತೆಯವರನ್ನು ಕೂಗಿ. ನಾಲಿಗೆ ಕೆಳಗೆ ಇಡುವ ಮಾತ್ರೆ ಡಾಕ್ಟರು ಬರೆದುಕೊಟ್ಟಿದ್ದರೆ ಅದು ಜೇಬಿನಲ್ಲಿರಬೇಕು, ಬ್ಯಾಗಿನ ತಳದಲ್ಲಿ ಅಲ್ಲ.

ಗುಂಪಿನ ಸದಸ್ಯರೊಬ್ಬರು: ಒಂದು ಮಾತು ಸೇರಿಸಲಾ? ಎಲ್ಲರೂ ಬಗ್ಗಿ ತಗೊಂಡರೆ ಕ್ಯಾಡಿಗಳ ಹೊಟ್ಟೆಪಾಡು ಏನಾಗಬೇಕು? ನಮ್ಮಲ್ಲಿ ನಡೆದು ಆಡೋ ಪದ್ಧತಿ ಉಳಿದಿರೋದೇ ಅವರಿಂದ.

ಉತ್ತರ: ಈ ಮಾತು ಒಪ್ಪುತ್ತೇನೆ ಸರ್. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಆಟ ಅಷ್ಟು ಚೆನ್ನಾಗಿ ಬಲ್ಲವರು ನಮ್ಮ ಬ್ಯಾಗ್ ಹಿಡಿದು ಬರುತ್ತಾರೆ. ನನ್ನ ಕೆಲಸದ ಕಣ್ಣಿನಿಂದ ನೋಡಿದರೂ ಅರವತ್ತು ದಾಟಿದವರಿಗೆ ಕ್ಯಾಡಿ ಜೊತೆ ನಡೆಯೋದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ತುಂಬಿದ ಬ್ಯಾಗ್ ಹತ್ತು ಕಿಲೋ ದಾಟುತ್ತದೆ. ಆ ಭಾರ ಹೆಗಲ ಮೇಲಿಲ್ಲ, ಸೊಂಟ ಬಾಗಿಸಿ ಚೆಂಡು ಎತ್ತೋದಿಲ್ಲ, ಕಾಲಿಗೆ ನಡಿಗೆ ಮಾತ್ರ. ಜಾರಿದರೆ ಹಿಡಿಯೋಕೆ ಪಕ್ಕದಲ್ಲೇ ಒಬ್ಬರು ಇರುತ್ತಾರೆ. ಬಗ್ಗಿ ತಗೊಳ್ಳಲೇಬೇಕಾದವರೂ ಕ್ಯಾಡಿಯನ್ನು ಬಿಡಬೇಡಿ, ಮುಂದೆ ಹೋಗಿ ಚೆಂಡು ನೋಡೋಕೆ ಅವರು ಬೇಕೇ ಬೇಕು.

ಪ್ರಶ್ನೆ (ಅಮೆರಿಕದ ಫೀನಿಕ್ಸ್‌ನಿಂದ): ಮೇಡಂ, ನಮ್ಮ ಮಾವನವರಿಗೆ 72. ಊರಲ್ಲಿ ನಡೆದೇ ಆಡ್ತಿದ್ರು. ಇಲ್ಲಿ ಹೆಚ್ಚಿನ ಕಡೆ ಕಾರ್ಟ್ ಬಾಡಿಗೆ ಫೀಸಿನಲ್ಲೇ ಸೇರಿರುತ್ತೆ, ಒಂದು ಗ್ರೀನಿನಿಂದ (ಹೋಲ್ ಮುಗಿಯೋ ಜಾಗ) ಮುಂದಿನ ಟೀಗೆ (ಹೋಲ್ ಶುರುವಾಗೋ ಜಾಗ) ತುಂಬಾ ದೂರ. ಆದ್ರೂ ಕೂತು ಆಡೋದು ಆಟಾನಾ ಅಂತ ಬೇಜಾರು ಮಾಡ್ಕೊಂಡು ಮನೆಯಲ್ಲೇ ಇರ್ತಾರೆ. ಜೂನ್ ಜುಲೈನಲ್ಲಿ ನಡೀತೀನಿ ಅಂತ ಹಠ. ಏನು ಹೇಳಲಿ?

ಉತ್ತರ: ಬೇಸಿಗೆಯಲ್ಲಿ ಕಾರ್ಟೇ ಸರಿ ಅಂತ ನನ್ನ ಹೆಸರಲ್ಲೇ ಹೇಳಿಬಿಡಿ ಅಮ್ಮ. ಅಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. ಎಪ್ಪತ್ತು ದಾಟಿದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಗೊತ್ತಾಗೋ ಹೊತ್ತಿಗೆ ಮೈ ಒಣಗಿರುತ್ತದೆ. ಬಿಪಿಗೆ ನೀರಿಳಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಇನ್ನೂ ಎಚ್ಚರ ಬೇಕು. ಊರಿನ ಬೆಳಗಿನ ತಂಪಿನ ಅಭ್ಯಾಸ ಅಲ್ಲಿನ ಮರುಭೂಮಿಗೆ ನಡೆಯಲ್ಲ.

ಆದರೆ ಕಾರ್ಟ್ ಇದ್ದ ಮಾತ್ರಕ್ಕೆ ಕೂತೇ ಇರಬೇಕು ಅಂತಿಲ್ಲ. ಇಬ್ಬರು ಒಂದು ಕಾರ್ಟ್ ಹಂಚಿಕೊಂಡು, ಒಂದು ಹೋಲ್ ಒಬ್ಬರು ಓಡಿಸಿದರೆ ಇನ್ನೊಬ್ಬರು ಟೀಯಿಂದ ಗ್ರೀನಿನವರೆಗೆ ನಡೆಯಲಿ, ಮುಂದಿನದಕ್ಕೆ ಅದಲುಬದಲು. ಆ ಉದ್ದುದ್ದ ದೂರವನ್ನು ಮಾತ್ರ ಕೂತು ದಾಟಲಿ. ಇನ್ನೊಂದು, ಕಾರ್ಟ್‌ನಲ್ಲಿ ಐದು ನಿಮಿಷ ಕೂತು ಇಳಿದು ತಕ್ಷಣ ಬೀಸಿದರೆ ಸೊಂಟ ಹಿಡಿದುಕೊಳ್ಳೋದು ಹೆಚ್ಚು. ಬೀಸುವಾಗ ಕೆಳಬೆನ್ನಿನ ಮೇಲೆ ದೇಹದ ತೂಕದ ಎಂಟು ಪಟ್ಟಿನವರೆಗೆ ಒತ್ತಡ ಬೀಳುತ್ತದೆ. ನಡೆಯುವವರ ಮೈ ಬೆಚ್ಚಗೇ ಇರುತ್ತದೆ, ಕೂತವರದ್ದು ಬಿಗಿದುಕೊಂಡಿರುತ್ತದೆ. ಹಾಗಾಗಿ ಚೆಂಡಿನಿಂದ ನಲವತ್ತು ಐವತ್ತು ಹೆಜ್ಜೆ ಮೊದಲೇ ಇಳಿದು ನಡೆದು ಹೋಗಲಿ, ಕೋಲನ್ನು ಹೆಗಲ ಹಿಂದೆ ಅಡ್ಡ ಹಿಡಿದು ನಾಲ್ಕು ಸಲ ಮೈ ತಿರುಗಿಸಿ ಆಮೇಲೆ ನಿಲ್ಲಲಿ.

ನವೆಂಬರ್ ಬಂದ ಮೇಲೆ ಒಂದು ಮೂರು ಚಕ್ರದ ಪುಶ್ ಕಾರ್ಟ್ (ಬ್ಯಾಗ್ ಇಟ್ಟು ತಳ್ಳುವ ಟ್ರಾಲಿ) ಕೊಡಿಸಿ, ನಡೆಯಲು ಬಿಡುವ ಕೋರ್ಸ್ ಹುಡುಕಿಕೊಡಿ. ಎಳೆಯೋದು ಬೇಡ, ಮುಂದೆ ತಳ್ಳುವಂಥದ್ದೇ ಆಗಲಿ. ಎಳೆದರೆ ಒಂದೇ ತೋಳು ಹಿಂದಕ್ಕೆ ತಿರುಚಿಕೊಂಡಿರುತ್ತದೆ.

ಮಾವನವರು ಮನೆಯಲ್ಲಿ ಕೂರೋದೇ ಇದರಲ್ಲೆಲ್ಲ ಕೆಟ್ಟದ್ದು. ಕೂತು ಆಡೋದು ಆಟವೇ ಅನ್ನೋ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು ಅಂತ ಅವರಿಗೆ ಹೇಳಿ. ಕೇಸಿ ಮಾರ್ಟಿನ್ ಅನ್ನುವ ವೃತ್ತಿ ಆಟಗಾರನಿಗೆ ಕಾಲಿನ ರಕ್ತನಾಳದ ತೊಂದರೆ ಇತ್ತು, ನಡೆಯೋದು ಕಷ್ಟ. ಪಿಜಿಎ ಟೂರ್ (ಅಲ್ಲಿನ ವೃತ್ತಿ ಗಾಲ್ಫ್ ಟೂರ್ನಿಗಳನ್ನು ನಡೆಸುವ ಸಂಸ್ಥೆ) ಕಾರ್ಟ್ ಕೊಡಲ್ಲ ಅಂತು. 2001ರಲ್ಲಿ ಕೋರ್ಟು 7–2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಚೆಂಡು ಹೊಡೆಯೋದೇ ಆಟ, ನಡಿಗೆ ಅದರ ತಿರುಳಲ್ಲ ಅನ್ನೋದು ಆ ತೀರ್ಪಿನ ಸಾರ. ನನ್ನ ಮಟ್ಟಿಗೆ ಅದು ನ್ಯಾಯವಾದ ತೀರ್ಪು.

ಪ್ರಶ್ನೆ (ಮಡಿಕೇರಿ, 68 ವರ್ಷ): ನಮ್ಮದು ಪೂರ್ತಿ ಏರಿಳಿತದ ಕೋರ್ಸ್. ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿ. ಯಾವುದಕ್ಕೆ ಬಗ್ಗಿ ತಗೋಬೇಕು?

ಉತ್ತರ: ಹೃದಯ ಸರಿ ಇದ್ದರೆ ಏರನ್ನು ನಿಧಾನವಾಗಿ ನಡೆದು ಹತ್ತಿ, ಇಳಿಜಾರಿಗೆ ಬಗ್ಗಿ. ಮಂಡಿಗೆ ಇಳಿಯೋದೇ ಹೆಚ್ಚು ಭಾರ. ನಡೆದೇ ಇಳಿಯಬೇಕಾದರೆ ನೇರಕ್ಕೆ ಬೇಡ, ಓರೆಯಾಗಿ, ಚಿಕ್ಕ ಹೆಜ್ಜೆ. ಮಳೆಗಾಲದಲ್ಲಿ ಬಗ್ಗಿಯನ್ನು ಹುಲ್ಲಿಗೆ ಇಳಿಸೋಕೆ ಬಿಡದ ದಿನ ಹೇಗಿದ್ದರೂ ಅರ್ಧ ನಡೆಯಲೇಬೇಕು, ಒಂದು ಊರುಗೋಲು ಜೊತೆಗಿರಲಿ.

ಗುಂಪಿನ ಸದಸ್ಯರೊಬ್ಬರು: ಬಗ್ಗಿ ಅಂದ್ರೆ ಅಪಾಯ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಸ್ನೇಹಿತರು ಇಳಿಜಾರಿನ ತಿರುವಲ್ಲಿ ಹೊರಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ್ರು.

ಉತ್ತರ: ಇದನ್ನು ಬರೆದಿದ್ದು ಒಳ್ಳೆಯದಾಯಿತು. ಬಗ್ಗಿಗೆ ಬಾಗಿಲಿಲ್ಲ, ಹೆಚ್ಚಿನವುಗಳಲ್ಲಿ ಸೀಟ್ ಬೆಲ್ಟ್ ಇಲ್ಲ, ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ. ಎಡಕ್ಕೆ ರಪ್ಪನೆ ತಿರುಗಿದರೆ ಬಲಗಡೆ ಕೂತವರು ಹೊರಗೆ ಬೀಳುತ್ತಾರೆ. ಕಾಲು ಹೊರಗೆ ಇಳಿಬಿಟ್ಟು ಕೂರೋದನ್ನು ಬಿಡಿ, ಚಕ್ರದ ಕೆಳಗೆ ಪಾದ ಸಿಕ್ಕಿ ಮುರಿದುಕೊಂಡವರಿದ್ದಾರೆ. ಪಕ್ಕದ ಹಿಡಿ ಹಿಡಿದು ಕೂರಿ, ನಿಂತ ಮೇಲೆ ಇಳಿಯಿರಿ. ಮತ್ತೆ ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಬಗ್ಗಿಯ ಸೂರಿನ ಕೆಳಗೆ ಕೂತರೆ ಸಿಡಿಲಿನಿಂದ ರಕ್ಷಣೆ ಸಿಗೋದಿಲ್ಲ. ಗುಡುಗು ಕೇಳಿದ ತಕ್ಷಣ ಕಟ್ಟಡದ ಒಳಗೆ ಹೋಗಿ.

ಪ್ರಶ್ನೆ (ಹುಬ್ಬಳ್ಳಿ, 64 ವರ್ಷ): ನನಗೆ ಶುಗರ್ ಇದೆ, ಗ್ಲಿಮೆಪಿರೈಡ್ ತಗೋತೀನಿ. ಊರಿಂದ ಊರಿಗೆ ಹೋಗಿ ಆಡೋನು. ನಡೆದು ಆಡಿದ ದಿನ ಹದಿಮೂರು ಹದಿನಾಲ್ಕನೇ ಹೋಲ್ ಹೊತ್ತಿಗೆ ಕೈ ನಡುಗ್ತದ, ಬೆವರ್ತದ. ಬಗ್ಗಿ ತಗೊಂಡ ದಿನ ಆಗಂಗಿಲ್ಲ. ಹಂಗಾದ್ರ ನಡಿಯೂದು ಬಿಡ್ಬೇಕೇನ್ರಿ?

ಉತ್ತರ: ಬಿಡಬೇಡ್ರಿ ಸರ್. ಅದು ಸಕ್ಕರೆ ಇಳಿಯುತ್ತಿರುವ ಲಕ್ಷಣ ಇರಬಹುದು, ಆ ಮಾತ್ರೆಗೆ ಹಾಗೆ ಮಾಡುವ ಗುಣ ಇದೆ. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು. ಮುಂದಿನ ಸಲ ಗ್ಲುಕೋಮೀಟರ್ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ನಡುಗಿದಾಗ ಅಲ್ಲೇ ನೋಡಿ, 70ಕ್ಕಿಂತ ಕೆಳಗಿದ್ದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನಡೆದು ಆಡುವ ದಿನಕ್ಕೆ ಮಾತ್ರೆಯ ಅಳತೆ ಬದಲಿಸಬೇಕಾ ಅನ್ನೋದನ್ನು ಅವರೇ ಹೇಳಬೇಕು, ನೀವಾಗೇ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಟೀ ಕುಡಿದು ಹೋಗೋದು ಬೇಡ. ಒಂಬತ್ತು ಹೋಲ್ ಆದ ಮೇಲೆ ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ತಿಂದು ಮುಂದೆ ಹೋಗಿ. ನಡುಕ ಶುರುವಾದ ಮೇಲೆ ಶೇಂಗಾ ಚಿಕ್ಕಿ ಉಪಯೋಗಕ್ಕೆ ಬರಲ್ಲ, ಶೇಂಗಾದ ಎಣ್ಣೆ ಅಂಶದಿಂದ ಅದು ನಿಧಾನ. ಆಗ ಬೇಕಾಗೋದು ಗ್ಲೂಕೋಸ್ ಪುಡಿ, ಇಲ್ಲವೇ ಮೂರು ಚಮಚ ಸಕ್ಕರೆ ಕಲಸಿದ ನೀರು. ಕಾಲು ಗಂಟೆ ನೆರಳಲ್ಲಿ ಕೂತು ಮತ್ತೆ ಅಳೆಯಿರಿ, ಇನ್ನೂ ಏರಿಲ್ಲದಿದ್ದರೆ ಮತ್ತೊಮ್ಮೆ ಕುಡಿಯಿರಿ, ಆ ದಿನದ ಆಟ ಅಲ್ಲಿಗೆ ನಿಲ್ಲಿಸಿ. ಜೊತೆ ಆಡೋರಿಗೂ ಕ್ಯಾಡಿಗೂ ಶುಗರ್ ಇರೋದನ್ನು, ಗ್ಲೂಕೋಸ್ ಯಾವ ಜಿಪ್ಪಿನಲ್ಲಿದೆ ಅನ್ನೋದನ್ನು ಆಟ ಶುರುಮಾಡುವ ಮೊದಲೇ ಹೇಳಿಬಿಡಿ.