ಅಪ್‌ಡೇಟ್: ಫೌಂಡೇಶನ್ ಹಣದಲ್ಲಿ ಸಿನಗಾಗ್ ಸದಸ್ಯತ್ವ ಶುಲ್ಕ

ಅಮೆರಿಕದ ಕುಟುಂಬವೊಂದರ ಖಾಸಗಿ ಫೌಂಡೇಶನ್ ತಮ್ಮೂರಿನ ಯಹೂದಿ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಅದೇ ಹಣದಲ್ಲಿ ಟ್ರಸ್ಟಿಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಸದಸ್ಯತ್ವ ಶುಲ್ಕ ಕಟ್ಟಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕಟ್ಟುವಂತಿಲ್ಲ. ಐಆರ್‌ಎಸ್‌ನ (ಅಮೆರಿಕದ ತೆರಿಗೆ ಇಲಾಖೆ) 77-160 ತೀರ್ಪು ಚರ್ಚ್ ಸದಸ್ಯತ್ವದ ಕುರಿತಾದರೂ ತರ್ಕ ಇಲ್ಲಿಗೂ ಅದೇ: ಶುಲ್ಕದ ಲಾಭ ಟ್ರಸ್ಟಿಗೆ, ಆದ್ದರಿಂದ ಅದು ಸ್ವಹಿತದ ವ್ಯವಹಾರ (self-dealing), ಅಂದರೆ ಫೌಂಡೇಶನ್ ಹಣವನ್ನು ಸ್ವಂತ ಲಾಭಕ್ಕೆ ಬಳಸಿದಂತೆ. ಲಾಭ ಪಡೆದವರಿಗೆ ಸರಿಪಡಿಸುವವರೆಗೂ ವರ್ಷಕ್ಕೆ ಆ ಮೊತ್ತದ 10% ದಂಡ ತೆರಿಗೆ.

ಹೆಚ್ಚಿನವರು ಎಡವುವುದು ಯೋಮ್ ಕಿಪ್ಪುರ್ (ಯಹೂದಿಗಳ ಪ್ರಾಯಶ್ಚಿತ್ತದ ದಿನ) ಸಮಯದ ದೇಣಿಗೆ ಮನವಿಯಲ್ಲಿ. ಪ್ಲೆಡ್ಜ್ ಕಾರ್ಡಿಗೆ (ಇಷ್ಟು ಕೊಡುತ್ತೇನೆಂದು ಬರೆದುಕೊಡುವ ಚೀಟಿ) ಟ್ರಸ್ಟಿ ಸ್ವಂತ ಹೆಸರಲ್ಲಿ ಸಹಿ ಹಾಕಿ, ಅದು ಕಾನೂನಿನ ಪ್ರಕಾರ ವಸೂಲಿ ಮಾಡಬಹುದಾದ ಬಾಕಿಯಾದರೆ, ಫೌಂಡೇಶನ್ ಚೆಕ್ಕಿನಿಂದ ತೀರಿಸುವಂತಿಲ್ಲ. ಕಾರ್ಡನ್ನು ಮೊದಲೇ ಫೌಂಡೇಶನ್ ಹೆಸರಲ್ಲೇ ತುಂಬಬೇಕು. ದೇಣಿಗೆ ಸಂಗ್ರಹದ ಸಂತೋಷಕೂಟದ 500 ಡಾಲರ್ ಟಿಕೆಟ್‌ನಲ್ಲಿ ಊಟದ 150 ಟ್ರಸ್ಟಿಯದು, ಉಳಿದ 350 ಫೌಂಡೇಶನ್ನಿನದು ಎಂದು ಹಂಚುವುದೂ ಅಪಾಯವೇ.

ಇನ್ನೊಂದು: ತೆರಿಗೆ ವಿನಾಯಿತಿ ಪಡೆದವರ ಐಆರ್‌ಎಸ್ ಪಟ್ಟಿಯಲ್ಲಿ ಸಿನಗಾಗ್ ಹೆಸರಿಲ್ಲ ಎಂದು ಅದರ ಅನುದಾನದ ಅರ್ಜಿ ತಿರಸ್ಕರಿಸಬೇಡಿ. ಪೂಜಾ ಸಂಸ್ಥೆಗಳು ತೆರಿಗೆ ವಿನಾಯಿತಿಗೆ ಅರ್ಜಿ ಹಾಕಲೇಬೇಕೆಂದಿಲ್ಲ. ಮಾತೃಸಂಸ್ಥೆಯ ಗುಂಪು ವಿನಾಯಿತಿ ಪತ್ರವಿದ್ದರೆ (ಶಾಖೆಗಳಿಗೂ ಅನ್ವಯಿಸುವ ವಿನಾಯಿತಿ) ಅದರ ಪ್ರತಿ ಪಡೆದು, ಅನುದಾನದ ಉದ್ದೇಶ ಬರೆದ ಪತ್ರದೊಂದಿಗೆ ಕಡತದಲ್ಲಿಡಿ. ಫೌಂಡೇಶನ್ನಿನ ವಾರ್ಷಿಕ ತೆರಿಗೆ ನಮೂನೆಯಾದ 990-ಪಿಎಫ್ ತುಂಬುವಾಗ ಎರಡೂ ಬೇಕಾಗುತ್ತವೆ.