ಉಳ್ಳಾಲದಿಂದ ಮಹಾಬಲಿಪುರಂಗೆ ಸೈಕಲ್‌ನಲ್ಲಿ: ಐದು ಜನ, 9 ದಿನ. ಪ್ಲ್ಯಾನ್ ಸರಿ ಇದೆಯಾ ನೋಡಿ

ಕುಡ್ಲ_ಸವಾರ

ನಮಸ್ಕಾರ. ಪಡುಗಡಲಿಂದ ಮೂಡುಗಡಲಿಗೆ ಸೈಕಲ್ ತುಳಿಯೋಣ ಅಂತ ನಾವು ಐದು ಜನ ಸ್ನೇಹಿತರು ಹೊರಟಿದ್ದೇವೆ. ಉಳ್ಳಾಲ ಬೀಚಿನಲ್ಲಿ ಶುರು, ಮಹಾಬಲಿಪುರಂ ಬೀಚಿನಲ್ಲಿ ಮುಕ್ತಾಯ. ಹಿಂದೆ ಗಾಡಿ ಬರುವುದಿಲ್ಲ, ಸಾಮಾನೆಲ್ಲ ಸೈಕಲ್ ಮೇಲೆಯೇ. ರಾತ್ರಿ ಲಾಡ್ಜ್, ಟೆಂಟ್ ಇಲ್ಲ. ಸಂಕ್ರಾಂತಿ ರಜೆ ಸೇರಿಸಿಕೊಂಡರೆ 9 ದಿನ ಸಿಗುತ್ತೆ, ಅದರಲ್ಲಿ ಕೊನೇ ದಿನ ವಾಪಸ್ ರೈಲಿಗೆ.

ಈಗಿನ ಲೆಕ್ಕ: ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಬೆಂಗಳೂರು, ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರ. ಸುಮಾರು 700 ಕಿ.ಮೀ. ಎಂಟರಿಂದ ಭಾಗಿಸಿದರೆ ದಿನಕ್ಕೆ 88.

ಸೈಕಲ್‌ಗಳು: ಒಂದು ರೋಡ್ ಬೈಕ್ (ಮುಂದೆ 50/34 ಹಲ್ಲು, ಹಿಂದೆ 11–28 ಹಲ್ಲು), ಎರಡು ಹೈಬ್ರಿಡ್, ಒಂದು 3x8 ಗೇರಿನ ಎಂಟಿಬಿ (ಗುಡ್ಡಗಾಡಿನ ದಪ್ಪ ಟೈರಿನ ಸೈಕಲ್), ಇನ್ನೊಂದು ಗೇರೇ ಇಲ್ಲದ್ದು (44 ಹಲ್ಲು ಮುಂದೆ, 18 ಹಿಂದೆ). ಎಲ್ಲರೂ ಭಾನುವಾರ 60–70 ಕಿ.ಮೀ. ಆರಾಮಾಗಿ ತುಳಿಯುವವರೇ. ದಾರಿ, ಬಿಡಿಭಾಗ, ರೈಲಿನಲ್ಲಿ ಸೈಕಲ್ ಸಾಗಿಸೋದು, ಯಾವುದರ ಬಗ್ಗೆ ಹೇಳಿದರೂ ಉಪಕಾರ.

ಏರುಹಾದಿ

ಮೊದಲು ಆ 88ನ್ನು ಅಳಿಸಿಹಾಕಿ. ಘಾಟಿ ದಿನಕ್ಕೂ ಬಯಲುಸೀಮೆ ದಿನಕ್ಕೂ ಒಂದೇ ಕಿ.ಮೀ. ಇಟ್ಟರೆ ಎರಡನೇ ದಿನವೇ ಗುಂಪು ಒಡೆಯುತ್ತೆ. ಏರು, ಗಾಳಿ, ಮಲಗಲು ಊರು ಎಲ್ಲಿದೆ, ಈ ಮೂರನ್ನು ನೋಡಿ ದಿನ ಕತ್ತರಿಸಿ.

ಎರಡನೆಯದು, ಶಿರಾಡಿ ಬೇಡ. ಏರು ಕಷ್ಟ ಅಂತಲ್ಲ. ಬಂದರಿಂದ ಬೆಂಗಳೂರಿಗೆ ಹೋಗೋ ಬುಲೆಟ್ ಟ್ಯಾಂಕರು, ಕಂಟೇನರು ಎಲ್ಲಾ ಅದೇ ರಸ್ತೆ. ತಿರುವಿನಲ್ಲಿ ಗಂಟೆಗೆ 8 ಕಿ.ಮೀ.ನಲ್ಲಿ ತೆವಳುವ ಸೈಕಲ್‌ಗೆ ಅಲ್ಲಿ ಜಾಗವಿಲ್ಲ. ಚಾರ್ಮಾಡಿ ನೋಡಲು ಚೆಂದ, ಆದರೆ ಹೇರ್‌ಪಿನ್ ತಿರುವುಗಳಲ್ಲಿ ಕಡಿದು, ಮೇಲಾಗಿ ನಿಮ್ಮನ್ನು ಉತ್ತರಕ್ಕೆ ಎಳೆದು ಒಯ್ಯುತ್ತೆ. ನಿಮಗೆ ಹೇಳಿ ಮಾಡಿಸಿದ್ದು ಸಂಪಾಜೆ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 27 ಕಿ.ಮೀ., ಹತ್ತೋದು ಹತ್ತಿರ ಹತ್ತಿರ 1,000 ಮೀಟರ್. ಸರಾಸರಿ 4%ಕ್ಕಿಂತ ಕಡಿಮೆ. ಒಂದೇ ಹದದ ಏರು, ಎಲ್ಲೂ ಎದೆ ಒಡೆಯಲ್ಲ. ಜೋಡುಪಾಲ, ಮದೆನಾಡು ಭಾಗದಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು. ಮಳೆಗಾಲದಲ್ಲಿ ಆ ಕಡೆ ಯೋಚನೆಯೂ ಬೇಡ, ಜನವರಿಯಲ್ಲಿ ತೊಂದರೆಯಿಲ್ಲ.

ನಾನಾದರೆ ಹೀಗೆ ಕತ್ತರಿಸುತ್ತೇನೆ (ಕಿ.ಮೀ. ಎಲ್ಲಾ ಅಂದಾಜು):

1. ಉಳ್ಳಾಲ – ಸುಳ್ಯ, 82. ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆ, ಮುಡಿಪು ಮೇಲೆ ಮೆಲ್ಕಾರ್‌ಗೆ ಬನ್ನಿ. ಪಡೀಲ್–ಬಿ.ಸಿ.ರೋಡ್ ಹೆದ್ದಾರಿಯ ಗಲಾಟೆ ತಪ್ಪುತ್ತೆ. ಆಮೇಲೆ ಮಾಣಿ, ಪುತ್ತೂರು, ಜಾಲ್ಸೂರು. ನಕ್ಷೆಯಲ್ಲಿ ಚಪ್ಪಟೆ ಕಂಡರೂ ದಿನವಿಡೀ ಮುರಕಲ್ಲ ಗುಡ್ಡ ಹತ್ತಿ ಇಳಿಯೋದೇ. ಜೊತೆಗೆ ಸೆಕೆ.
2. ಸುಳ್ಯ – ಮಡಿಕೇರಿ, 52. ಇಷ್ಟೇ. ಇಲ್ಲಿ ಆಸೆಪಡಬೇಡಿ.
3. ಮಡಿಕೇರಿ – ಮೈಸೂರು, 120. ಸುಂಟಿಕೊಪ್ಪ, ಕುಶಾಲನಗರದವರೆಗೆ ಹೆಚ್ಚಾಗಿ ಇಳಿಜಾರು. ಬೆಳಗ್ಗೆ ಬೆರಳು ಮರಗಟ್ಟುವಷ್ಟು ಚಳಿ, ಪೂರ್ತಿ ಬೆರಳಿನ ಕೈಗವಸು ಇಟ್ಟುಕೊಳ್ಳಿ.
4. ಮೈಸೂರು – ಬನ್ನೂರು – ಮಳವಳ್ಳಿ – ಕನಕಪುರ, 95.
5. ಕನಕಪುರ – ಹಾರೋಹಳ್ಳಿ – ಆನೇಕಲ್ – ಹೊಸೂರು, 75.
6. ಹೊಸೂರು – ಕೃಷ್ಣಗಿರಿ – ಆಂಬೂರು, 122.
7. ಆಂಬೂರು – ವೆಲ್ಲೂರು – ಕಾಂಚೀಪುರ, 120.
8. ಕಾಂಚೀಪುರ – ವಾಲಾಜಾಬಾದ್ – ಚೆಂಗಲ್ಪಟ್ಟು – ತಿರುಕಳುಕುಂಡ್ರಂ – ಮಹಾಬಲಿಪುರಂ, 67.

ಬೆಂಗಳೂರನ್ನು ಮುಟ್ಟಲೇಬೇಡಿ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಹಿಡಿದು ಊರೂರು ಗುಂಡಿ ಎಣಿಸುವ ಬದಲು ಮಳವಳ್ಳಿ ದಾರಿ ಲೇಸು. ಐದನೇ ದಿನ ಹಾರೋಹಳ್ಳಿ–ಆನೇಕಲ್ ಮಧ್ಯೆ ಬನ್ನೇರುಘಟ್ಟ ಕಾಡಿನ ಅಂಚು ಸಿಗುತ್ತೆ, ಆನೆ ಓಡಾಡೋ ಜಾಗ. ಬಿಸಿಲು ಏರಿದ ಮೇಲೆ ದಾಟಿ. ಅಂದಿನ ದೂರ ಕಡಿಮೆ ಇಟ್ಟಿದ್ದು ಅದಕ್ಕೇ.

ಗಾಳಿಪಂಪು

ಘಾಟಿಗೆ ಎಲ್ಲರೂ ಹೆದರ್ತಾರೆ. ಟ್ರಿಪ್ ಕೆಡೋದು ಮಾತ್ರ ಕೃಷ್ಣಗಿರಿ ದಾಟಿದ ಮೇಲೆ, ಹೆದ್ದಾರಿಯ ಬಿಳಿ ಗೆರೆಯ ಎಡಗಡೆ. ಲಾರಿ ಟೈರ್ ಸಿಡಿದಾಗ ಅದರೊಳಗಿನ ಉಕ್ಕಿನ ತಂತಿ ಕೂದಲೆಳೆಯಂತೆ ಚೂರುಚೂರಾಗಿ ರಸ್ತೆ ಅಂಚಿಗೆ ಬಂದು ಸೇರುತ್ತೆ. ಅರ್ಧ ಸೆಂ.ಮೀ. ಉದ್ದದ ಚೂರು ಟೈರಿನಲ್ಲಿ ನಾಟಿದರೆ ಗಾಳಿ ನಿಧಾನಕ್ಕೆ, ಅರ್ಧ ಗಂಟೆಯಲ್ಲಿ ಇಳಿಯುತ್ತೆ. ಅವಸರದಲ್ಲಿ ಟ್ಯೂಬ್ ಮಾತ್ರ ಬದಲಿಸಿ ಹೊರಟರೆ ಐದು ಕಿ.ಮೀ.ಗೆ ಮತ್ತೆ ಪಂಚರ್, ಯಾಕಂದರೆ ತಂತಿ ಇನ್ನೂ ಅಲ್ಲೇ ಇದೆ.

ಆದ್ದರಿಂದ: ಟ್ಯೂಬ್ ತೆಗೆಯುವ ಮುಂಚೆ ಟೈರಿನ ಮೇಲೆ ವಾಲ್ವ್ ಎಲ್ಲಿತ್ತು ಅಂತ ಗುರುತು ಹಾಕಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರ ನೋಡಿ, ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿ. ಒಳಗಡೆ ಬೆರಳಾಡಿಸಿದರೆ ಕುಯ್ಯುತ್ತೆ, ಹತ್ತಿ ಅಥವಾ ಹಳೇ ಬನಿಯನ್ ಚೂರು ಎಳೆಯಿರಿ, ತಂತಿಗೆ ನೂಲು ಸಿಕ್ಕಿಕೊಳ್ಳುತ್ತೆ. ಹುಬ್ಬು ಕೀಳೋ ಚಿಮಟದಿಂದ ಹೊರಗಿನಿಂದ ಎಳೆದು ತೆಗೆಯಿರಿ. ಎರಡು ರೂಪಾಯಿ ತೂಕದ ಚಿಮಟ, ಇಡೀ ಕಿಟ್‌ನಲ್ಲಿ ಅದಕ್ಕಿಂತ ಬೆಲೆಬಾಳೋ ಸಾಮಾನಿಲ್ಲ.

ಇನ್ನು ವಾಲ್ವ್. ಹಳ್ಳಿ ಸೈಕಲ್ ಅಂಗಡಿ ಪಂಪು ಪ್ರೆಸ್ಟಾಗೆ (ರೋಡ್ ಬೈಕಿನ ಸಪೂರ ವಾಲ್ವ್) ಕೂರಲ್ಲ, ಪೆಟ್ರೋಲ್ ಬಂಕಿನದ್ದು ಕಾರ್ ವಾಲ್ವಿಗೆ ಮಾತ್ರ. ಹಿತ್ತಾಳೆಯ ಪ್ರೆಸ್ಟಾ ಅಡಾಪ್ಟರ್ ತಲೆಗೊಂದು ಇರಲಿ. ಕೈಪಂಪು ಐವರಿಗೆ ಎರಡು ಸಾಕು, ಆದರೆ ಒಂದು ಕಡ್ಡಾಯವಾಗಿ ಎಲ್ಲರಿಗಿಂತ ಹಿಂದೆ ಬರುವವನ ಹತ್ತಿರ. ಟೂಲ್‌ಕಿಟ್ ಕೂಡ ಅವನದೇ ಚೀಲದಲ್ಲಿ. ಮುಂದಿರುವವನ ಹತ್ತಿರ ಕಿಟ್ ಇದ್ದರೆ ಪಂಚರಾದವನ ಪಾಲಿಗೆ ಅದು ಮದ್ರಾಸಿನಲ್ಲಿದ್ದ ಹಾಗೆ.

ತಲೆಗೆ 2 ಟ್ಯೂಬ್. ಗುಂಪಿಗೆ: ಪ್ಯಾಚ್ ಡಬ್ಬಿ 2 (ಸೊಲ್ಯೂಷನ್ ಟ್ಯೂಬ್ ಹೊಸದಿರಲಿ, ಒಮ್ಮೆ ತೆರೆದದ್ದು ಒಣಗಿರುತ್ತೆ), ಚೈನ್ ಟೂಲ್, ಪ್ರತಿ ಸ್ಪೀಡಿನ ಚೈನಿಗೂ ಹೊಂದುವ ಕ್ವಿಕ್‌ಲಿಂಕ್ (ತುಂಡಾದ ಚೈನ್ ಜೋಡಿಸೋ ಕೊಂಡಿ), ಒಂದು ಗೇರ್ ಕೇಬಲ್, ಒಂದು ಬ್ರೇಕ್ ಕೇಬಲ್, ಪ್ರತಿ ಸೈಕಲ್‌ಗೂ ಅದರದ್ದೇ ಬ್ರೇಕ್ ಪ್ಯಾಡ್ ಮತ್ತು ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸೋ ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ತುಂಡು). ಹ್ಯಾಂಗರ್ ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ, ದಾರಿಯಲ್ಲಿ ಸಿಗಲ್ಲ. ಬಿಗಿದು ಕಟ್ಟುವ ಪ್ಲಾಸ್ಟಿಕ್ ಪಟ್ಟಿ (ಜಿಪ್ ಟೈ) ಹತ್ತು. ಕ್ಯಾರಿಯರ್ ಬೋಲ್ಟ್‌ಗಳು ಅದಿರಿ ಅದಿರಿ ಸಡಿಲಾಗುತ್ತವೆ, ದಿನಾ ಸಂಜೆ 4 ಎಂ.ಎಂ. ಅಲೆನ್ ಕೀಲಿ ಹಾಕಿ ನೋಡಿ.

ಗೇರಿನ ಲೆಕ್ಕ: ಮುಂದಿನ 34ಕ್ಕೆ ಹಿಂದೆ 28 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.4 ಕಿ.ಮೀ., 34ಕ್ಕೆ 34 ಹಾಕಿದರೆ 7.8. ಎಂಟು ಕೆ.ಜಿ. ಹೊರೆಯ ಜೊತೆ ಮೂರೂವರೆ ಗಂಟೆ ಹತ್ತುವಾಗ ಈ ಒಂದೂವರೆ ಕಿ.ಮೀ. ಮಂಡಿಯನ್ನು ಉಳಿಸುತ್ತೆ. ರೋಡ್ ಬೈಕಿಗೆ 11–34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ಹಿಂದಿನ ಡಿರೇಲರ್ ಉದ್ದ ಕೇಜಿನದ್ದಾ ನೋಡಿಸಿ, ಗಿಡ್ಡದ್ದಾದರೆ ಅದನ್ನೂ ಬದಲಿಸಬೇಕಾಗಬಹುದು, ಚೈನೂ ಉದ್ದ ಬೇಕು. ಎಂಟಿಬಿಗೆ ಗೇರ್ ಇದ್ದದ್ದೇ ಸಾಕು, ಗುಬುಟು ಟೈರ್ ತೆಗೆದು 1.5 ಇಂಚಿನ ನುಣುಪು ಟೈರ್ ಹಾಕಿ. ಹೊಸದಾಗಿ ಹಾಕಿದ್ದು ಏನೇ ಇರಲಿ, ಹೊರಡುವ ಮುಂಚೆ 100 ಕಿ.ಮೀ. ಓಡಿಸಿ. ಹೊಸ ಕೇಬಲ್ ಹಿಗ್ಗಿ ಗೇರ್ ತಪ್ಪೋದು ಆ 100ರಲ್ಲೇ.

ಕುಡ್ಲ_ಸವಾರ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸಂಪಾಜೆ ಅಂತಲೇ ಇಟ್ಟುಕೊಳ್ಳುತ್ತೇವೆ. ಎರಡು ಅನುಮಾನ. ಗೇರಿಲ್ಲದ ಸೈಕಲಿನವ ಒಳ್ಳೇ ಗಟ್ಟಿ ಆಸಾಮಿ, ಹೇಗೂ ಹತ್ತುತ್ತೇನೆ ಅಂತಾನೆ. ಬಿಡಬಹುದಾ? ಇನ್ನೊಂದು, ಜನವರಿಯಲ್ಲಿ ಗಾಳಿ ಎದುರು ಬರುತ್ತೆ, ಚೆನ್ನೈ ಕಡೆಯಿಂದ ಶುರು ಮಾಡಿ ಅಂತ ಒಬ್ಬರು ಹೇಳಿದರು.

ಮೂಡಗಾಳಿ

ಹೇಳಿದವರು ಸರಿಯಾಗೇ ಹೇಳಿದ್ದಾರೆ. ಜನವರಿಯಲ್ಲಿ ಬೀಸೋದು ಈಶಾನ್ಯದ ಗಾಳಿ. ಕೃಷ್ಣಗಿರಿಯಿಂದ ಆಂಬೂರಿನವರೆಗೆ ಹೆದ್ದಾರಿ ಹೋಗೋದೂ ಈಶಾನ್ಯಕ್ಕೇ, ನೇರ ಮುಖಕ್ಕೆ ಹೊಡೆಯುತ್ತೆ. ಕಾಂಚೀಪುರದ ಆಚೆ ಮಧ್ಯಾಹ್ನದ ಮೇಲೆ ಕಡಲ ಗಾಳಿಯೂ ಸೇರುತ್ತೆ. ಬೆಳಗ್ಗೆ 10ರೊಳಗೆ ಗಾಳಿ ಕಡಿಮೆ, ಅರ್ಧಕ್ಕಿಂತ ಹೆಚ್ಚು ದೂರ ಅಷ್ಟರಲ್ಲಿ ಮುಗಿಸಿ. ಉಳಿದದ್ದಕ್ಕೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಮುಂದಿನವ 2 ಕಿ.ಮೀ.ಗೊಮ್ಮೆ ಬದಲಾಗಲಿ.

ಗಾಳಿಗಿಂತ ನನಗೆ ಚಿಂತೆ ಬಿಸಿಲಿನದು, ಇದನ್ನು ಯಾರೂ ಹೇಳಲ್ಲ. ನೀವು ಹೋಗ್ತಿರೋದು ಪೂರ್ವಕ್ಕೆ. ಬೆಳಗ್ಗೆ 7ರಿಂದ 8ರವರೆಗೆ ಸೂರ್ಯ ನೇರ ಎದುರು, ತೀರಾ ಕೆಳಗೆ. ನಿಮ್ಮ ಕಣ್ಣು ಕುಕ್ಕೋದು ದೊಡ್ಡದಲ್ಲ. ನಿಮ್ಮ ಹಿಂದೆ ಬರೋ ಲಾರಿ ಡ್ರೈವರನ ಕಣ್ಣೂ ಕುಕ್ಕುತ್ತೆ, ಧೂಳು ಹಿಡಿದ ಗಾಜಿನಲ್ಲಿ ಅವನಿಗೆ ನೀವು ಕಾಣಲ್ಲ. 6ನೇ, 7ನೇ ದಿನ ಬೆಳಕು ಹರಿಯುತ್ತಲೇ ಹೊರಟು, 7ಕ್ಕೆ ಇಡ್ಲಿಗೆ ನಿಂತು, 8ಕ್ಕೆ ಮತ್ತೆ ಹತ್ತಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಲಿ.

ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಹಿಡಿಯಿರಿ, ಎದುರು ಬರೋ ರಾಂಗ್ ಸೈಡ್ ಬೈಕುಗಳಿಗೆ ರೆಡಿಯಾಗಿ. ಸೇತುವೆ ಬಂದಾಗ ಸರ್ವಿಸ್ ರಸ್ತೆಯೂ ಇಲ್ಲ, ಅಂಚೂ ಇಲ್ಲ. ಮುಂಚೆಯೇ ನಿಂತು, ಹಿಂದೆ ನೋಡಿ, ಖಾಲಿಯಾದಾಗ ಐವರೂ ಒಟ್ಟಿಗೆ ದಾಟಿ. ಎಡಕ್ಕೆ ಊರೊಳಗೆ ಕವಲೊಡೆಯುವ ಕಡೆಯೂ ಹಾಗೇ. ನೀವು ನೇರ ಹೋಗ್ತಿದ್ದರೆ ಹಿಂದಿನ ಗಾಡಿ ನಿಮ್ಮ ಮೇಲೇ ಎಡಕ್ಕೆ ಕತ್ತರಿಸುತ್ತೆ.

ಒಂದು ದಿನ ಹೆಚ್ಚು ಸಿಕ್ಕರೆ ವೆಲ್ಲೂರಿನಲ್ಲಿ ಉಳಿದು, ಮರುದಿನ ಆರ್ಕಾಟ್‌ನಿಂದ ಹೆದ್ದಾರಿ ಬಿಟ್ಟು ಚೆಯ್ಯಾರ್ ಮೇಲೆ ಕಾಂಚೀಪುರಕ್ಕೆ ಹೋಗಿ. 20–25 ಕಿ.ಮೀ. ಸುತ್ತು, ಆದರೆ ಗದ್ದೆ, ಕೆರೆ, ಹುಣಸೆ ಮರ. ಅಲ್ಲಿ ಪಕ್ಕಪಕ್ಕ ಮಾತಾಡಿಕೊಂಡು ತುಳಿಯಬಹುದು.

ಏರುಹಾದಿ

ಗಾಳಿ ಮಾತು ಒಪ್ಪಿದೆ, ದಿಕ್ಕು ಬದಲಿಸೋದು ಒಪ್ಪಲ್ಲ. ಚೆನ್ನೈನಿಂದ ಶುರು ಅಂದರೆ ಸೈಕಲ್ ಮೊದಲು ರೈಲಿನಲ್ಲಿ ಅಲ್ಲಿಗೆ ಹೋಗಬೇಕು. ಐದರಲ್ಲಿ ಒಂದು ಮುಂದಿನ ರೈಲಿಗೆ ಉಳಿದರೂ ನಾಲ್ವರು ಲಾಡ್ಜಿನಲ್ಲಿ ಕಾಯೋದು. ಆ ಕಷ್ಟ ಕೊನೆಗೆ ಬಂದರೆ ಮನೆಗೆ ಸೈಕಲ್ ಎರಡು ದಿನ ತಡ, ಅಷ್ಟೇ.

ಗೇರಿಲ್ಲದ್ದರ ಬಗ್ಗೆ: 44/18ರಲ್ಲಿ ನಿಮಿಷಕ್ಕೆ 50 ಸುತ್ತು ತುಳಿದರೂ ವೇಗ 15 ಕಿ.ಮೀ. ಅದಕ್ಕಿಂತ ನಿಧಾನ ಹೋದರೆ ಪೆಡಲ್ ಮೇಲೆ ನಿಂತೇ ತುಳಿಯಬೇಕು. 27 ಕಿ.ಮೀ. ಏರನ್ನು 15ರಲ್ಲಿ ಹತ್ತೋ ಕಾಲು ನಮ್ಮಂಥವರಿಗೆ ಇಲ್ಲ. ಹಿಂದಿನ ಫ್ರೀವೀಲ್ 22 ಹಲ್ಲಿನದ್ದು ಮಾಡಿದರೂ ವೇಗ 12–13, ಅದೂ ಸಾಲದು. ಎಂಟು ದಿನಕ್ಕೆ ಗೇರಿನ ಸೈಕಲ್ ಎರವಲು ತನ್ನಿ. ತರಲು ಆಗದಿದ್ದರೆ ಅವನ ಚೀಲ ನಾಲ್ವರು ಹಂಚಿಕೊಂಡು, ಅವನು ಅರ್ಧ ದಾರಿ ತಳ್ಳುತ್ತಾನೆ ಅಂತ ಮೊದಲೇ ಲೆಕ್ಕ ಹಿಡಿದು ಸುಳ್ಯ ಬೆಳಕು ಹರಿಯುವಾಗಲೇ ಬಿಡಿ.

ಸಂಕ್ರಾಂತಿ ವಾರವನ್ನೂ ಬದಲಿಸಿ. ನಮಗೆ ಒಂದು ದಿನದ ಹಬ್ಬ, ತಮಿಳುನಾಡಿಗೆ ಪೊಂಗಲ್ ನಾಲ್ಕು ದಿನ. ಚೆನ್ನೈ ಊರಿಗೂರೇ ಹೊರಡುತ್ತೆ, ಹೆದ್ದಾರಿ ತುಂಬಾ ಕಾರು, ಬಸ್ಸು. ಹೋಟೆಲ್ ಬಾಗಿಲು ಹಾಕಿರುತ್ತೆ, ರೈಲು ಟಿಕೆಟ್ ಸಿಗಲ್ಲ. ಹತ್ತು ದಿನ ಮುಂದಕ್ಕೆ ಹಾಕಿದರೆ ಎಲ್ಲಾ ಸಲೀಸು.

ಬ್ರೇಕ್‌ವ್ಯಾನ್

ರೈಲಿನ ಬಗ್ಗೆ ಮಾತ್ರ ಹೇಳ್ತೀನಿ. ಮಹಾಬಲಿಪುರಂನಿಂದ ಚೆನ್ನೈ ಸೆಂಟ್ರಲ್ 55–60 ಕಿ.ಮೀ., ಆ ಟ್ರಾಫಿಕ್‌ನಲ್ಲಿ ತುಳಿಯಬೇಡಿ, ಒಂದು ಗೂಡ್ಸ್ ಟೆಂಪೋ ಮಾಡಿಕೊಳ್ಳಿ, ಐದೂ ಹಿಡಿಯುತ್ತೆ. ಸೆಂಟ್ರಲ್‌ನಿಂದ ಮಂಗಳೂರಿಗೆ ಮಂಗಳೂರು ಮೇಲ್, ವೆಸ್ಟ್ ಕೋಸ್ಟ್ ರೈಲುಗಳಿವೆ.

ರೈಲು ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಪಾರ್ಸೆಲ್ ಆಫೀಸಿನಲ್ಲಿರಿ. ಕನ್‌ಫರ್ಮ್ ಟಿಕೆಟ್ ತೋರಿಸಿ ‘ಲಗೇಜ್’ ಅಂತಲೇ ಬುಕ್ ಮಾಡಿ. ‘ಪಾರ್ಸೆಲ್’ ಅಂತ ಬರೆಸಿದರೆ ಜಾಗ ಇದ್ದ ರೈಲಿಗೆ ಹೋಗುತ್ತೆ, ಲಗೇಜ್ ನಿಮ್ಮ ರೈಲಿನ ಬ್ರೇಕ್‌ವ್ಯಾನಿಗೆ (ಸಾಮಾನು ಹಾಕೋ ಬೋಗಿಗೆ). ಚೀಲ, ಬಾಟಲಿ, ದೀಪ, ಮೀಟರ್, ಪಂಪು ಎಲ್ಲ ಬಿಚ್ಚಿಕೊಳ್ಳಿ. ಚೈನನ್ನು ಹಿಂದಿನ ದೊಡ್ಡ ಹಲ್ಲಿಗೆ ಹಾಕಿ, ಆಗ ಡಿರೇಲರ್ ಒಳಗೆ ಸರಿಯುತ್ತೆ. ಅದರ ಮೇಲೆ ರಟ್ಟು ಸುತ್ತಿ ಟೇಪ್ ಹಾಕಿ. ಡಿಸ್ಕ್ ರೋಟರಿಗೂ ರಟ್ಟು. ಹೆಸರು, ಪಿಎನ್‌ಆರ್, ಇಳಿಯುವ ಸ್ಟೇಷನ್ ಬರೆದ ಚೀಟಿ ಮೂರು ಕಡೆ: ಹ್ಯಾಂಡಲ್, ಫ್ರೇಮ್, ಸೀಟಿನ ಕೆಳಗೆ. ಸ್ಟೇಷನ್ ಹೆಸರು ಪೂರ್ತಿ ಬರೆಯಿರಿ. ಬರೀ ‘ಮಂಗಳೂರು’ ಅಲ್ಲ, ‘ಮಂಗಳೂರು ಸೆಂಟ್ರಲ್’. ಗಾಡಿಗೆ ಏರಿಸುವಾಗ ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಐದನ್ನೂ ಎಣಿಸಿ, ಆಮೇಲೆ ಸೀಟಿಗೆ ಹೋಗಿ. ರಸೀದಿಯ ಫೋಟೋ ಐವರ ಫೋನಿನಲ್ಲೂ ಇರಲಿ. ಮಂಗಳೂರಿನಲ್ಲಿ ಇಳಿದ ಕೂಡಲೇ ಬ್ರೇಕ್‌ವ್ಯಾನ್ ಹತ್ತಿರ ಓಡಿ, ಅದು ರೈಲಿನ ಮುಂದಿದೆಯೋ ಹಿಂದಿದೆಯೋ ಅಂತ ಚೆನ್ನೈನಲ್ಲೇ ನೋಡಿಕೊಂಡಿರಿ.