ಮಲೆನಾಡಿನಲ್ಲಿ ಜೀರುಂಡೆ ಕಡಿಮೆಯಾಗಿವೆಯೇ? ನಮ್ಮ ಮನೆಯ ಸುತ್ತ ಸದ್ದೇ ಇಲ್ಲ

ಹಂಚಿನಮನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿ ದಾಟಿ, ಎರಡೂವರೆ ಕಿಲೋಮೀಟರ್ ಒಳಕ್ಕೆ ಹೋದರೆ ನಮ್ಮ ಮನೆ. ನಾನು ಹುಟ್ಟಿದ್ದು ಇಲ್ಲಿಯೇ. 1987ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬೆಂಗಳೂರಿನ ಬಸ್ ಹತ್ತಿದವನು 2024ರ ಫೆಬ್ರವರಿಯಲ್ಲಿ ನಿವೃತ್ತನಾಗಿ ಮರಳಿ ಬಂದೆ. ನಡುವೆ ದೀಪಾವಳಿಗೋ ಯಾರದಾದರೂ ಮದುವೆಗೋ ಎರಡು ದಿನದ ಮಟ್ಟಿಗೆ ಬರುತ್ತಿದ್ದೆ. ಆಗೆಲ್ಲ ಮನೆ ತುಂಬ ಜನ, ಮಾತು, ಮಕ್ಕಳ ಗಲಾಟೆ.

ಬೆಂಗಳೂರಿನಲ್ಲಿ ನಾನಿದ್ದದ್ದು ಲಗ್ಗೆರೆಯಲ್ಲಿ. ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಪವರ್ ಪ್ರೆಸ್ ಮೇಲೆ. ತಗಡನ್ನು ಡೈ ಮೇಲಿಟ್ಟು ಪೆಡಲ್ ತುಳಿದರೆ ಒಂದು ಏಟು, ಒಂದು ವಾಷರ್. ಹೀಗೆ ಒಂದು ಪಾಳಿಗೆ ಸಾವಿರಾರು ಏಟು. ಅಂಥ ಹದಿನಾಲ್ಕು ಪ್ರೆಸ್‌ಗಳು ಒಂದೇ ಶೆಡ್ಡಿನಲ್ಲಿದ್ದವು, ಮೇಲೆ ಕಲ್ನಾರಿನ ಶೀಟು. ಒಬ್ಬರಿಗೊಬ್ಬರು ಏನಾದರೂ ಹೇಳಬೇಕೆಂದರೆ ಕೈಸನ್ನೆಯೇ ಗತಿ. ಮನೆಗೆ ಬಂದರೆ ಕೆಳಗಿನ ಮಳಿಗೆಯಲ್ಲಿ ಗ್ರಿಲ್ ಕತ್ತರಿಸುವ ಯಂತ್ರ. ರಾತ್ರಿಯೆಲ್ಲ ಹೊರವರ್ತುಲ ರಸ್ತೆಯ ಲಾರಿಗಳು. ಬೆಳಗಾದರೆ ಕಸದ ಆಟೋದ ಹಾಡು, ನೀರೆತ್ತುವ ಮೋಟಾರು. ಇದನ್ನೆಲ್ಲ ಸಹಿಸಿಕೊಂಡದ್ದು ಒಂದೇ ಒಂದು ಆಸೆಯಿಂದ. ಕೊನೆಗೊಂದು ದಿನ ಊರಿನ ಜಗುಲಿಯಲ್ಲಿ ಕುಳಿತು ಜೀರುಂಡೆ ಕೇಳಬೇಕು.

ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ನಿಂತುಹೋದರೂ ಯಾರೂ ಚಿಂತಿಸುತ್ತಿರಲಿಲ್ಲ. "ಜೀರುಂಡೆ ಕೂಗುವ ಹೊತ್ತಾಯಿತು, ಕೈಕಾಲು ತೊಳೆದು ಒಳಗೆ ಬಾ" ಎಂದು ಅಮ್ಮ ಕರೆಯುತ್ತಿದ್ದರು. ಅದು ಶುರುವಾಗುವ ವೇಳೆಗೆ ದನಗಳು ಕೊಟ್ಟಿಗೆಯಲ್ಲಿರಬೇಕು, ಬಚ್ಚಲ ಒಲೆಗೆ ಬೆಂಕಿ ಬಿದ್ದಿರಬೇಕು. ಮೊದಲು ಹಾಡ್ಯದ (ಪಕ್ಕದ ಕಾಡಿನ) ಕಡೆ ಒಂದು, ಆಮೇಲೆ ತೋಟದ ಕಡೆ ಹತ್ತು, ಆಮೇಲೆ ಎಣಿಸಲಾಗದಷ್ಟು.

ಈಗ ಬಂದು ಎರಡು ಮಳೆಗಾಲ ಕಳೆದವು. ಒಂದೂ ಕೇಳಿಸಿಲ್ಲ. ಗದ್ದೆಯ ದೊಡ್ಡ ಕಪ್ಪೆ ಕೇಳುತ್ತದೆ, ಗುಮ್ಮ ಕೇಳುತ್ತದೆ, ನವಿಲು, ಹಂಚಿನ ಮೇಲಿನ ಮಳೆ, ಎಲ್ಲವೂ ಕೇಳುತ್ತವೆ. ಜೀರುಂಡೆ ಮಾತ್ರ ಇಲ್ಲ. ಸಂಜೆ ಏಳು ಗಂಟೆಗೆ ಹೊರಗೆ ಕುಳಿತರೆ ಬಾವಿಯೊಳಗೆ ಕುಳಿತ ಹಾಗಾಗುತ್ತದೆ. ಇನ್ನೊಂದು ಸಂಗತಿ: ಇಲ್ಲಿಗೆ ಬಂದ ಮೇಲೆ ರಾತ್ರಿ ಕಿವಿಯಲ್ಲಿ ಸಣ್ಣಗೆ 'ಸುಂಯ್' ಎನ್ನುತ್ತದೆ. ರಕ್ತದೊತ್ತಡ ಇರಬಹುದು ಎಂದುಕೊಂಡು ಮಾತ್ರೆ ತಪ್ಪಿಸದೆ ನುಂಗುತ್ತಿದ್ದೇನೆ.

ಸುತ್ತಲಿನ ತೋಟಗಳಲ್ಲಿ ಕಳೆನಾಶಕ ಹೊಡೆಯುವುದು ಹೆಚ್ಚಾಗಿದೆ. ಅದರಿಂದ ಹುಳುಗಳ ಸಂತತಿಯೇ ಹೋಯಿತೇ ಎಂದು ಸಂಕಟವಾಗುತ್ತಿದೆ. ನಿಮ್ಮ ಊರುಗಳಲ್ಲಿ ಹೇಗಿದೆ? ದಯವಿಟ್ಟು ನಿಜ ಹೇಳಿ.

ಅಡಿಕೆಸಿಪ್ಪೆ:

ನಮ್ಮದು ಕೊಪ್ಪ ತಾಲ್ಲೂಕು. ಕಳೆನಾಶಕದ ವಿಚಾರದಲ್ಲಿ ನಿಮ್ಮ ಸಂಕಟ ನನ್ನದೂ ಹೌದು. ಆಳು ಸಿಗುವುದಿಲ್ಲವೆಂದು ಎಲ್ಲರೂ ಅದಕ್ಕೇ ಕೈಹಾಕುತ್ತಿದ್ದಾರೆ, ತೋಟದ ನೆಲ ಬೋಳಾಗುತ್ತಿದೆ. ಆದರೆ ಜೀರುಂಡೆ ಹೋಗಿಲ್ಲ. ಇದನ್ನು ಬರೆಯುತ್ತಿರುವಾಗಲೂ ಕಿಟಕಿಯಾಚೆ ಒಂದೇ ಸಮನೆ ಕೂಗುತ್ತಿವೆ. ಬೇಸಿಗೆಯಲ್ಲಂತೂ ಮರದ ಜೀರುಂಡೆಗಳು ಹಾಡಹಗಲೇ ಶುರುಮಾಡಿದರೆ ಫೋನಿನಲ್ಲಿ ಮಾತಾಡುವುದೇ ಕಷ್ಟ. ಬಯಲುಸೀಮೆಯಿಂದ ಬಂದ ನಮ್ಮ ಭಾವ ಒಮ್ಮೆ ವಿದ್ಯುತ್ ತಂತಿ ಸುಡುತ್ತಿದೆ ಎಂದು ಗಾಬರಿಯಾಗಿದ್ದರು.

ಹಳ್ಳಿ ಎಂದರೆ ನಿಶ್ಶಬ್ದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕಳೆ ಕೊಚ್ಚುವ ಯಂತ್ರ ಶುರುವಾದರೆ ಮಧ್ಯಾಹ್ನದವರೆಗೆ ಬಿಡುವಿಲ್ಲ. ಮಂಗ ಓಡಿಸಲು ಪಟಾಕಿ. ಮಳೆಗೆ ಮುಂಚೆ, ಮತ್ತೆ ಸುಮಾರು ನಲವತ್ತು ದಿನ ಬಿಟ್ಟು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು. ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯುವ ಯಂತ್ರ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ: ಇಲ್ಲಿನ ಪ್ರತಿ ಸದ್ದು ಯಾರ ಮನೆಯದು ಎಂದು ನನಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಜೀಪಿನ ಸದ್ದಾದರೆ ಇಡೀ ಕೇರಿ ಎದ್ದು ಕೂರುತ್ತದೆ, ಏಕೆಂದರೆ ಆ ಹೊತ್ತಿಗೆ ಜೀಪು ಹೊರಟಿದ್ದರೆ ಆಸ್ಪತ್ರೆಗೇ ಹೊರಟಿರಬೇಕು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಮಲಗಿದ್ದಾಗ ಆಂಬುಲೆನ್ಸ್ ಮೂರು ಸಲ ಹೋಯಿತು. ನನ್ನೊಬ್ಬನಿಗೇ ಎಚ್ಚರವಾಯಿತು.

ನಿಮ್ಮ ಮನೆಯ ಬೇರೆಯವರಿಗೂ ಕೇಳಿಸುತ್ತಿಲ್ಲವೇ? ಅದನ್ನು ಬರೆದಿಲ್ಲವಲ್ಲ.

ಹಂಚಿನಮನೆ:

ನೀವು ಕೇಳಿದ ಮೇಲೆ ಯೋಚಿಸಿದೆ. ದಸರಾ ರಜೆಗೆ ಬಂದಿದ್ದ ಮೊಮ್ಮಗಳು (ಹತ್ತು ವರ್ಷ) ಮೊದಲ ರಾತ್ರಿ ನಿದ್ದೆ ಬಾರದೆ ಎದ್ದು ಬಂದು, "ಅಜ್ಜ, ಹೊರಗೆ ಯಾವುದೋ ಮೋಟಾರು ಓಡುತ್ತಿದೆ, ನಿಲ್ಲಿಸಿ" ಎಂದಿದ್ದಳು. ಟಾರ್ಚ್ ಹಿಡಿದು ಪಂಪಿನ ಮನೆಯವರೆಗೆ ಹೋಗಿ ನೋಡಿದೆ. ಮೋಟಾರು ನಿಂತೇ ಇತ್ತು. ಮಗು ಕನಸಿನಲ್ಲಿ ಹೇಳಿರಬೇಕು ಎಂದು ಮತ್ತೆ ಮಲಗಿಸಿದೆ.

ಇವತ್ತು ಸಂಜೆ ಹೆಂಡತಿಯನ್ನು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ದಿನಾ ಕೂಗುತ್ತವಲ್ಲ" ಎಂದಳು.

ಕಿವಿಮಾತು:

ಸರ್, ನಾನು ಮೈಸೂರಿನಲ್ಲಿ ಶ್ರವಣ ಪರೀಕ್ಷೆಯ ಕೆಲಸ ಮಾಡುತ್ತೇನೆ. ನಿಮ್ಮ ಮೊದಲ ಬರಹ ಓದುವಾಗಲೇ ಎದೆ ಭಾರವಾಯಿತು, ಎರಡನೆಯದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳುವುದು ಸರಿಯಲ್ಲ, ಆದರೆ ನೀವು ಕೇಳಿಸುತ್ತದೆ ಎಂದ ಸದ್ದುಗಳ ಪಟ್ಟಿಯನ್ನೊಮ್ಮೆ ನೋಡಿ. ಗುಮ್ಮ, ದೊಡ್ಡ ಕಪ್ಪೆ: ಇವು ತಗ್ಗಿನ ಸ್ವರಗಳು. ಜೀರುಂಡೆಯದು ಏರಿದ ಸ್ವರ, ಹಲವು ಜಾತಿಗಳಲ್ಲಿ ಸೆಕೆಂಡಿಗೆ ನಾಲ್ಕೈದು ಸಾವಿರ ಕಂಪನ. ವರ್ಷಗಟ್ಟಲೆ ಯಂತ್ರದ ಏಟು ಬಿದ್ದ ಕಿವಿಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ನಾಲ್ಕು ಸಾವಿರದ ಆಸುಪಾಸು. ಪೆಟ್ಟು ಬೀಳುವುದು ಒಳಕಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳಿಗೆ. ಮನುಷ್ಯರಲ್ಲಿ ಅವು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ಬೆಂಗಳೂರಿನಲ್ಲಿ ಇದು ನಿಮ್ಮ ಅರಿವಿಗೆ ಬಾರದಿದ್ದುದು ಸಹಜ. ಅಲ್ಲಿ ಸುತ್ತಲಿನ ಸದ್ದು ಎಲ್ಲವನ್ನೂ ಮುಚ್ಚಿಹಾಕುತ್ತದೆ, ಕಿವಿಯೊಳಗಿನ 'ಸುಂಯ್' ಅನ್ನೂ ಸಹ. ಅದು ಊರಿಗೆ ಬಂದ ಮೇಲೆ ಹುಟ್ಟಿದ್ದಾಗಿರಲಿಕ್ಕಿಲ್ಲ. ಊರಿನ ಮೌನದಲ್ಲಿ ಮೊದಲ ಸಲ ನಿಮಗೆ ಕೇಳಿಸಿರಬೇಕು. ಮಲಗುವ ಕೋಣೆಯಲ್ಲಿ ಫ್ಯಾನನ್ನು ಸಣ್ಣಗೆ ಓಡಲು ಬಿಡಿ. ಪೂರ್ಣ ನಿಶ್ಶಬ್ದ ಇಂಥ ಕಿವಿಗೆ ಒಳ್ಳೆಯದಲ್ಲ.

ಕೆಲವು ಪ್ರಶ್ನೆಗಳು. ಮನೆಯವರು ಪಕ್ಕದ ಕೋಣೆಯಿಂದ ಕರೆದರೆ ಮಾತಾಡಿದ್ದು ತಿಳಿದು, ಏನೆಂದರು ಎಂಬುದು ತಿಳಿಯದೆ ಹೋಗುತ್ತದೆಯೇ? ಸ, ಶ, ಚ ಇರುವ ಪದಗಳು ಗೊಂದಲವಾಗುತ್ತವೆಯೇ? ಗಂಡಸರಿಗಿಂತ ಹೆಂಗಸರ, ಮಕ್ಕಳ ಮಾತು ಕಷ್ಟವೇ? ಟಿವಿಯ ಸದ್ದು ಹೆಚ್ಚಾಯಿತೆಂದು ಮನೆಯಲ್ಲಿ ಹೇಳುತ್ತಾರೆಯೇ? ಹೌದಾದರೆ ತಡಮಾಡದೆ ಶಿವಮೊಗ್ಗದಲ್ಲಿ ಕಿವಿ ತಜ್ಞರನ್ನು ಕಂಡು ಆಡಿಯೋಗ್ರಾಂ (ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ) ಮಾಡಿಸಿ. ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬನ್ನಿ. ಪೀಣ್ಯದಲ್ಲಿ ಕಿವಿಗೆ ರಕ್ಷಣೆ ಏನಾದರೂ ಕೊಟ್ಟಿದ್ದರೇ?

ದಾಸರಹಳ್ಳಿ_ಟರ್ನರ್:

ಅಣ್ಣ, ನಾನು ಪೀಣ್ಯದಲ್ಲಿ ಇನ್ನೂ ಕೆಲಸದಲ್ಲಿದ್ದೇನೆ, ಲೇತ್ ಮೇಲೆ. ಗೋಡೆಯಾಚೆ ಪ್ರೆಸ್ ಶಾಪ್. ರಕ್ಷಣೆಯ ಮಾತಿಗೆ ನಾನೇ ಉತ್ತರ ಹೇಳಬಲ್ಲೆ. ತಪಾಸಣೆಯವರು ಬರುವ ದಿನ ಇಯರ್ ಪ್ಲಗ್ ಹಂಚುತ್ತಾರೆ, ಉಳಿದ ದಿನ ಹತ್ತಿಯೇ. ಹಾಕಿಕೊಂಡರೆ ಯಂತ್ರದ ಸದ್ದು ಬದಲಾದದ್ದು ತಿಳಿಯುವುದಿಲ್ಲವೆಂದು ನಾವೂ ತೆಗೆದಿಡುತ್ತೇವೆ. ಕಾರ್ಖಾನೆ ನಿಯಮದಲ್ಲಿ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿಗೆ 45 ಎನ್ನುತ್ತವೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರಿದಂತೆ. ಹಾಗಾದರೆ 60ಕ್ಕೂ 90ಕ್ಕೂ ಸಾವಿರ ಪಟ್ಟು ವ್ಯತ್ಯಾಸ ಎಂಬುದು ನನಗೆ ತಿಳಿದದ್ದು ಕಳೆದ ವರ್ಷ, ಅದೂ ಮಗನ ಪಠ್ಯಪುಸ್ತಕದಿಂದ.

ಶಬ್ದದಿಂದ ಬರುವ ಕಿವುಡು ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿಯೇ ಇದೆ, ಅದನ್ನು ವರದಿ ಮಾಡಲೇಬೇಕು. ಇಎಸ್‌ಐ (ಕಾರ್ಮಿಕರ ವಿಮೆ) ಕಾಗದಗಳನ್ನು ಎಸೆಯಬೇಡಿ, ಅಣ್ಣ. ನಿಮ್ಮ ಬರಹವನ್ನು ಊಟದ ಬಿಡುವಿನಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. ಹಾಸನದ ಕಡೆಯ ಒಬ್ಬರು ಏನೂ ಮಾತಾಡದೆ ಎದ್ದು ಹೋದರು.

ಹಂಚಿನಮನೆ: (ಐದು ವಾರಗಳ ನಂತರ)

ಉತ್ತರ ತಡವಾಯಿತು, ಕ್ಷಮಿಸಿ. ಕಿವಿಮಾತು ಅವರೇ, ನೀವು ಕೇಳಿದ ನಾಲ್ಕೂ ಪ್ರಶ್ನೆಗಳಿಗೆ ಹೌದು ಎಂದೇ ಉತ್ತರ. ಹಳ್ಳಿಗೆ ಬಂದ ಮೇಲೆ ಹೆಂಡತಿ ಮೆಲ್ಲಗೆ ಮಾತಾಡುವುದನ್ನು ರೂಢಿಸಿಕೊಂಡಿದ್ದಾಳೆ ಎಂದು ನಾನು ನಂಬಿದ್ದೆ. ಅವಳು ಎರಡೆರಡು ಸಲ ಕೂಗಿ ಕರೆದು, ಕೊನೆಗೆ ತೋಟಕ್ಕೇ ನಡೆದು ಬಂದು ಊಟಕ್ಕೆ ಕರೆಯುತ್ತಿದ್ದಳಂತೆ. ಒಂದು ಸಲವೂ ದೂರಲಿಲ್ಲ.

ಶಿವಮೊಗ್ಗದಲ್ಲಿ ಪರೀಕ್ಷೆಯಾಯಿತು. ಕಾಗದದ ಮೇಲಿನ ಗೆರೆ ತಗ್ಗಿನ ಸ್ವರಗಳಲ್ಲಿ 20, 25 ಡೆಸಿಬೆಲ್‌ನಲ್ಲಿ (ಅಂಕಿ ಹೆಚ್ಚಿದಷ್ಟೂ ಕಿವಿ ಮಂದ) ಸಮನಾಗಿ ಹೋಗಿ, ಎರಡು ಸಾವಿರ ಕಂಪನಕ್ಕೆ 40, ನಾಲ್ಕು ಸಾವಿರಕ್ಕೆ 70ಕ್ಕೆ ಬಿದ್ದು, ಎಂಟು ಸಾವಿರದಲ್ಲಿ ಸ್ವಲ್ಪ ಮೇಲೆ ಬರುತ್ತದೆ. ಆ ಗುಂಡಿಯನ್ನು ಬಹಳ ಹೊತ್ತು ನೋಡಿದೆ. ಜೀರುಂಡೆ ಬಿದ್ದಿರುವುದು ಅದರೊಳಗೆ. ಕಳೆನಾಶಕ ಹೊಡೆದ ನೆರೆಯವರನ್ನು ಮನಸ್ಸಿನಲ್ಲಿ ಎಷ್ಟು ಶಪಿಸಿದ್ದೆ.

ಎರಡು ವಾರದ ಮಟ್ಟಿಗೆ ಪ್ರಯತ್ನಿಸಿ ನೋಡಲು ಶ್ರವಣಯಂತ್ರ ಕೊಟ್ಟರು. ಬಸ್ಸಿನಲ್ಲಿ ಬರುವಾಗ ತಲೆ ಒಡೆದುಹೋಗುವಷ್ಟು ಹಿಂಸೆಯಾಗಿ ಮಂಡಗದ್ದೆಯ ಹತ್ತಿರ ತೆಗೆದು ಜೇಬಿನಲ್ಲಿಟ್ಟೆ. ಮನೆಯಲ್ಲಿ ಮತ್ತೆ ಹಾಕಿಕೊಂಡೆ. ಹಾಳೆ ಮಡಚಿದರೆ ಸದ್ದು, ಒಗ್ಗರಣೆಯ ಸಾಸಿವೆಗೆ ಸದ್ದು, ನನ್ನ ಅಂಗಿಯ ತೋಳಿಗೂ ಸದ್ದು. ಮೊಮ್ಮಗಳು ವಾರದ ಕೊನೆಗೆಂದು ಬಂದಿದ್ದಳು. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಗುಲಿಯಲ್ಲಿ ಕುಳಿತೆ. ಆರೂವರೆ ದಾಟಿದ ಮೇಲೆ ಹಾಡ್ಯದ ಕಡೆಯಿಂದ ಏನೋ ಬಂತು. ನನಗೆ ನೆನಪಿದ್ದ ಹಾಗಿರಲಿಲ್ಲ. ಒಣಗಿದ ತೊಗರಿಕಾಯಿ ಅಲ್ಲಾಡಿಸಿದ ಹಾಗೆ, ತೆಳ್ಳಗೆ, ತಗಡಿನ ಹಾಗೆ. "ಇದೇನಾ?" ಎಂದು ಕೇಳಿದೆ. "ಇದೇ ಅಜ್ಜ, ಆ ಮೋಟಾರು" ಎಂದಳು. ಅಮ್ಮ ಇದ್ದಿದ್ದರೆ ಕೈಕಾಲು ತೊಳೆಯಲು ಕರೆಯುತ್ತಿದ್ದರು.

ಟರ್ನರ್ ತಮ್ಮ, ಇಎಸ್‌ಐ ಕಾಗದಗಳು ಟ್ರಂಕಿನಲ್ಲಿ ಸಿಕ್ಕಿವೆ, ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇನೆ. ಆ ಹಾಸನದವರಿಗೆ ನನ್ನ ಆಡಿಯೋಗ್ರಾಂ ತೋರಿಸಬೇಕು. ಕಿವಿಮಾತು ಅವರೇ, ಇನ್ನೊಂದು ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಈ ಯಂತ್ರ ಉಳಿದೀತೇ?

ಕಿವಿಮಾತು:

ಉಳಿಯುತ್ತದೆ ಸರ್. ರಾತ್ರಿ ತೆಗೆದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬ್ಯಾಟರಿ ತೆಗೆಯುವಂಥ ಯಂತ್ರವಾದರೆ ಅದರ ಬಾಗಿಲು ತೆರೆದೇ ಇರಲಿ. ಜೆಲ್‌ನ ಬಣ್ಣ ಬದಲಾದರೆ ಬಿಸಿಮಾಡಿ ಒಣಗಿಸಬಹುದು ಅಥವಾ ಹೊಸದು ಹಾಕಬಹುದು. ಬಚ್ಚಲ ಒಲೆಯ ದಂಡೆಯ ಮೇಲೆ ಮಾತ್ರ ಯಂತ್ರವನ್ನು ಒಣಗಲು ಇಡಬೇಡಿ, ಮಲೆನಾಡಿನಿಂದ ಬರುವ ಹಲವರು ಹಾಗೆ ಮಾಡಿ ಕೆಡಿಸಿಕೊಂಡಿದ್ದಾರೆ. ಮೊದಲ ಕೆಲವು ದಿನ ಎರಡು ಮೂರು ಗಂಟೆ ಸಾಕು, ಸಂಜೆಯ ಹೊತ್ತನ್ನೇ ಆರಿಸಿಕೊಳ್ಳಿ, ಆಮೇಲೆ ಮೆಲ್ಲಗೆ ಹೆಚ್ಚಿಸಿ. ಕಿವಿಗೂ ತಲೆಗೂ ಒಗ್ಗಲು ವಾರಗಳು ಬೇಕಾಗುತ್ತವೆ. ಆ ತಗಡಿನ ಸದ್ದು ಆಮೇಲೆ ಸ್ವಲ್ಪ ಬದಲಾಗಬಹುದು, ಬದಲಾದರೆ ಇಲ್ಲಿ ಬರೆಯಿರಿ.